ಹುಣಸೆಹಣ್ಣಿಗೆ ಸಿಕ್ಕ ಡಾಲರ್

ದೇವರು ಕಿವಿ ಕೊಟ್ಟಿರುವುದು ಕನ್ನಡಕದ ಕಡ್ಡಿ ಸಿಕ್ಕಿಸಿಕೊಳ್ಳಲಿ ಅಂತ. ಬಿಡುವಿದ್ದರೆ ಹೆಂಡತಿ ಹೇಳಿದ್ದನ್ನೂ ಕೇಳಿಸಿಕೊಳ್ಳಬಹುದು. ಇವೆರಡನ್ನು ಬಿಟ್ಟು ಮೂರನೆಯ ಕೆಲಸಕ್ಕೆ ಅದನ್ನು ಹಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಿಂಗ್ಸ್‌ಬರಿಯ ಪರಪ್ಪ ಕಾಕಾನೇ ಸಾಕ್ಷಿ. ನಾನು ಆ ಸಾಕ್ಷಿಯ ಡ್ರೈವರ್.

ಡ್ರೈವರ್ ಅಂದರೆ ಸಂಬಳದವನಲ್ಲ. ನನ್ನ ಹೆಸರು ಸೂರಜ, ಬೆಳಗಾವಿಯವನು. ಗ್ರೀನ್‌ಫರ್ಡಿನ ಒಂದು ಮಸಾಲೆ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತೇನೆ. ಕಾಕಾ ಧಾರವಾಡದವನು, ಅದೇ ಗೋದಾಮಿನಲ್ಲಿ ಸೂಪರ್‌ವೈಸರ್. ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ಈ ಇಂಗ್ಲಿಷರ ದೇಶದ ಡ್ರೈವಿಂಗ್ ಟೆಸ್ಟಿಗೂ ಕಾಕಾನಿಗೂ ಇವತ್ತಿನ ತನಕ ಜಾತಕ ಕೂಡಿಬಂದಿಲ್ಲವಾದ್ದರಿಂದ ಅವನು ಎಲ್ಲಿಗೆ ಹೊರಟರೂ ಗೋಡೆ ಬಡಿಯುತ್ತಾನೆ, ನಾನು ಕಾರಿನ ಕೀಲಿ ಹುಡುಕುತ್ತೇನೆ.

ಕಾಕಾನಿಗೆ ಒಬ್ಬಳೇ ಮಗಳು, ಅಂಕಿತಾ. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಅಲ್ಲೇ ಡಾಕ್ಟರಾಗಿರುವ ಮಾಧವನನ್ನು ತಾನೇ ಮೆಚ್ಚಿಕೊಂಡಳು. ಹುಡುಗ ಬಂಗಾರದಂಥವನು, ಅದರಲ್ಲಿ ತಕರಾರಿಲ್ಲ. ಕಾಕಾನ ಎದೆ ಹೊಡೆದುಕೊಳ್ಳಲು ಶುರುವಾದದ್ದು ಹುಡುಗನ ಮನೆಯನ್ನು ನೋಡಿದ ಮೇಲೆ. ಅವರದು ಸ್ಟ್ಯಾನ್ಮೋರ್. ಮನೆಗೆ ಮನೆ ತಾಗದ ಕಡೆ. ಕಿಂಗ್ಸ್‌ಬರಿಯಲ್ಲಿ ನಾನು ಸೀನಿದರೆ ಗೋಡೆಯಾಚೆಯಿಂದ ಕಾಕಾ "ಶಿವ ಶಿವಾ" ಅನ್ನುತ್ತಾನೆ, ಅಲ್ಲಿ ಸೀನಿದರೆ ಕೇಳಲು ನಾಯಿಯೂ ಇಲ್ಲ. ಬೀಗರು ಡಾಕ್ಟರ್ ಮುಕುಂದ, ಮೈಸೂರಿನವರು, ಕಿವಿ ಮೂಗು ಗಂಟಲಿನ ಸರ್ಜನ್ನಾಗಿ ನಿವೃತ್ತರಾದವರು. ಬೀಗಿತ್ತಿ ಕಲ್ಯಾಣಮ್ಮ. ಇಬ್ಬರೂ ಒಳ್ಳೆಯವರು. ಆದರೆ ಒಳ್ಳೆಯವರ ಮುಂದೆ ಸಣ್ಣವನಾಗಿ ಕಾಣಬಾರದು ಎಂಬ ಚಿಂತೆ ಕೆಟ್ಟವರ ಹೆದರಿಕೆಗಿಂತ ದೊಡ್ಡದು. ನಿಶ್ಚಯದ ದಿನ ಕಾಕಾ ತನ್ನ ಅಳತೆಗೆ ದೊಡ್ಡದಾದ ಸೂಟು ಹಾಕಿಕೊಂಡು ಬಂದಿದ್ದ. ಕೈಗಳು ತೋಳಿನೊಳಗೇ ಇದ್ದವು.

ತಾಂಬೂಲ ಬದಲಾಯಿಸುವ ಹೊತ್ತಿಗೆ ಡಾಕ್ಟರು ತಟ್ಟೆಯಲ್ಲಿ ವೀಳ್ಯದೆಲೆಯ ಮೇಲೆ ಒಂದು ದುಂಡನೆಯ ಪ್ಲಾಸ್ಟಿಕ್ ಡಬ್ಬಿ ಇಟ್ಟರು. ಒಳಗೆ ಅಂಗೈ ತುಂಬುವಂಥ ನಾಣ್ಯ. ಮುಂದುಗಡೆ ಒಬ್ಬ ಬೋಳುತಲೆಯ ಅಧ್ಯಕ್ಷ, ಹಿಂದುಗಡೆ ಗಂಟೆ, ಗಂಟೆಯ ಹಿಂದೆ ಚಂದ್ರ.

"ಇದು ಎಪ್ಪತ್ತಾರನೇ ಇಸವಿಯ ಅಮೆರಿಕನ್ ಬೆಳ್ಳಿ ಡಾಲರ್," ಅಂದರು ಡಾಕ್ಟರು, ಎಲ್ಲರಿಗೂ ಕೇಳುವ ಹಾಗೆ. "ನಮ್ತಂದೆ ಕಾನ್ಫರೆನ್ಸಿಗೆ ಹೋದಾಗ ತಂದಿದ್ದು. ಬಳಕೆಗೆ ಬಿಟ್ಟಿದ್ರಲ್ಲಿ ಬೆಳ್ಳಿ ಇಲ್ಲ. ಕಲೆಕ್ಟರ್‌ಗಳಿಗೆ ಅಂತ ಬೇರೆ ಮಾಡಿದ್ರು ನೋಡಿ, ಇದು ಆ ಪೈಕಿ. ನೂರಕ್ಕೆ ನಲವತ್ತು ಭಾಗ ಬೆಳ್ಳಿ. ಇದು ಬೀಗರ ಮನೆಗೇ ಹೋಗ್ಲಿ ಅಂತ ನಮ್ಮ ಕಲ್ಯಾಣಿ ಹಟ ಹಿಡಿದ್ಲು."

ಇಲ್ಲಿ ಕಾಕಾ ಕೈಮುಗಿದು ತಟ್ಟೆ ತೆಗೆದುಕೊಂಡಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಅಷ್ಟು ಜನರ ಮುಂದೆ ಸುಮ್ಮನೆ ತೆಗೆದುಕೊಳ್ಳುವುದು ಹೇಗೆ? ತನ್ನ ಕಡೆಯಿಂದಲೂ ಏನಾದರೂ ಘನವಾದದ್ದು ಬೇಡವೇ? ಕಾಕಾ ಡಬ್ಬಿ ಬಿಚ್ಚಿದ. ನಾಣ್ಯವನ್ನು ಬೆರಳ ತುದಿಯಲ್ಲಿ ಕೂರಿಸಿ ಉಗುರಿನಿಂದ ಹೊಡೆದು ಕಿವಿಗೆ ಹಿಡಿದು ಕಣ್ಣು ಮುಚ್ಚಿದ. ಸಭಾಂಗಣದಲ್ಲಿ ಮಕ್ಕಳು ಬಲೂನು ಒಡೆಯುತ್ತಿದ್ದವು, ಸ್ಪೀಕರಿನಲ್ಲಿ ಶಹನಾಯಿ ಅರಚುತ್ತಿತ್ತು, ನನ್ನ ಹೆಂಡತಿ ಸ್ಫೂರ್ತಿ ಪಕ್ಕದಲ್ಲೇ ನಿಂತು ಹೇಳಿದ ಮಾತು ನನಗೆ ಕೇಳುತ್ತಿರಲಿಲ್ಲ. ಕಾಕಾನಿಗೆ ಮಾತ್ರ ಬೆಳ್ಳಿ ಕೇಳಿಸಿತು.

"ಬೆಳ್ಳಿ!" ಅಂತ ಕೂಗಿದ. "ನಲವತ್ತಲ್ರಿ ಡಾಕ್ಟ್ರ, ನಲವತ್ತೊಂದು ಇರಬೇಕು! ನಮ್ಮ ಮುತ್ಯಾ ಧಾರವಾಡ ಸಂತ್ಯಾಗ ರೊಕ್ಕದ ಸಪ್ಪಳ ಕೇಳಿ ಖರೇದ್ಯಾವುದು ಖೋಟಾದ್ಯಾವುದು ಅಂತ ಹೇಳ್ತಿದ್ದ. ಆ ಕಿವಿ ನಮ್ಮ ಮನಿತನದಾಗ ಇಳಕೊಂತ ಬಂದೈತಿ!"

ಕಾಕಾನ ಈ ಅಜ್ಜ ಧಾರವಾಡ ಸಂತೆಯಲ್ಲಿ ಉಳ್ಳಾಗಡ್ಡಿ ಮಾರುತ್ತಿದ್ದ ಎಂದು ಇದೇ ಕಾಕಾ ನನಗೆ ಹೇಳಿದ್ದ. ಅದೂ ಉದ್ರಿ ಮೇಲೆ. ರೊಕ್ಕದ ಸಪ್ಪಳ ಅವನಿಗೆ ಎಲ್ಲಿ ಕೇಳಿಸಿತೋ ಶಿವನೇ ಬಲ್ಲ. ಆದರೆ ಡಾಕ್ಟರು ಮಾರುಹೋದರು. ಜೀವಮಾನವಿಡೀ ಕೆಟ್ಟ ಕಿವಿಗಳನ್ನೇ ನೋಡಿದ ಮನುಷ್ಯ, ಇಂಥ ಕಿವಿ ಸಿಕ್ಕರೆ ಬಿಟ್ಟಾರೆಯೇ? ಅಲ್ಲೇ ಮೊಬೈಲಿನ ಟಾರ್ಚ್ ಹಚ್ಚಿ ಕಾಕಾನ ಕಿವಿಯೊಳಗೆ ಇಣುಕಿ, "ಮಾರ್ವೆಲಸ್!" ಅಂದರು. ಕಲ್ಯಾಣಮ್ಮನಿಗೆ ಕಾಫಿ ನೆತ್ತಿಗೇರಿ ಕೆಮ್ಮು ಬಂತು. ಅದನ್ನು ಆಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ದೀಪಾವಳಿ ಬಂತು. ಅಮಾವಾಸ್ಯೆಯ ಲಕ್ಷ್ಮೀಪೂಜೆಗೆ ಮನೆಯ ಬೆಳ್ಳಿಯನ್ನೆಲ್ಲ ತಿಕ್ಕಿ ಬೆಳಗಿ ಇಡುವುದು ಕಾಕಾನ ಹೆಂಡತಿ ನೀಲವ್ವ ಕಾಕುವಿನ ಪದ್ಧತಿ. ಕಾಕುವಿನ ತಿಕ್ಕಾಟ ನಮ್ಮ ಓಣಿಗೇ ಹೆಸರಾದದ್ದು. ಮೊದಲು ಹುಣಸೆಹಣ್ಣು ಉಪ್ಪು, ಆಮೇಲೆ ಬಿಸಿನೀರು, ಕೊನೆಗೆ ವಿಭೂತಿ ಹಚ್ಚಿ ಮೆತ್ತನೆಯ ಅರಿವೆಯಿಂದ ಒರಸುವುದು. ಮೈಗೆಟ್ಟ ತಂಬಿಗೆಯೂ ಅವಳ ಕೈಯಿಂದ ಹೊರಬಂದರೆ ಮದುಮಗಳಾಗಿರುತ್ತದೆ. ಬೀಗರು ಕೊಟ್ಟ ಡಾಲರನ್ನು ಅವಳು ಹೊರಗಿನದೆಂದು ಬೇರೆ ಮಾಡಲಿಲ್ಲ. ಡಬ್ಬಿ ಬಿಚ್ಚಿ ಅದಕ್ಕೂ ಹುಣಸೆಹಣ್ಣಿನ ಅಭ್ಯಂಜನ ಮಾಡಿಸಿದಳು, ಲಕ್ಷ್ಮಿಯ ಮುಂದೆ ಇಟ್ಟು ಕುಂಕುಮ ಹಚ್ಚಿದಳು, ಫೋಟೋ ತೆಗೆದು ಕಲ್ಯಾಣಮ್ಮನಿಗೆ ಕಳಿಸಿದಳು.

ಮರುದಿನ ಗೋಡೆ ಬಡಿದ ಸದ್ದು ಕೇಳಿತು. ನಾನು ಕೀಲಿ ಹಿಡಿದುಕೊಂಡೇ ಓಡಿದೆ. ಅಡುಗೆಮನೆಯಲ್ಲಿ ಕಾಕಾ ಡಾಲರನ್ನು ದೀಪದ ಕೆಳಗೆ ಹಿಡಿದುಕೊಂಡು ನಿಂತಿದ್ದ.

"ಸೂರಜ, ಇದರ ಅಂಚು ನೋಡೋ. ಏನ್ ಕಾಣಸಾಕತ್ತೈತಿ?"

ನೋಡಿದೆ. ನಾಣ್ಯದ ದಂಡೆಯ ಸುತ್ತ ಕೆಂಪು ಗೆರೆ. ಹೊಸ ತಾಮ್ರದ ಕೊಡದ ಹಾಗೆ ಝಗಝಗ ಹೊಳೆಯುತ್ತಿತ್ತು.

"ತಾಮ್ರ ಅಲ್ಲೇನು ಕಾಕಾ?"

"ತಾಮ್ರ!" ಕಾಕಾ ಎದೆ ಹಿಡಿದುಕೊಂಡ. "ಕೇಳಿದಿ ನೀಲಾ? ಬೆಳ್ಳಿ ಹೋಗೂ ತನಕ ತಿಕ್ಕೀದಿ ನೀನು! ಬೀಗರು ಕೊಟ್ಟ ಬೆಳ್ಳಿ ಅಷ್ಟೂ ಸಿಂಕಿನಾಗ ಹರದು ಹೋತು! ಇದು ನಾಣ್ಯ, ರೊಟ್ಟಿ ಹಂಚಲ್ಲ!"

ಕಾಕು ಸೆರಗಿಗೆ ಕೈ ಒರಸುತ್ತ ನಿಂತಿದ್ದಳು. "ನಾ ಎಲ್ಲಾದಕ್ಕೂ ತಿಕ್ಕಿದಂಗ ತಿಕ್ಕೀನ್ರಿ. ಹೆಚ್ಚು ತಿಕ್ಕಿಲ್ಲ."

"ಎಲ್ಲಾದಕ್ಕೂ ತಿಕ್ಕಿದಂಗ! ಅದ ಆತಲ್ಲ ತಪ್ಪು!"

ಅಂಕಿತಾ ಟೋಸ್ಟ್ ಕಚ್ಚುತ್ತ ಬಂದು, "ಅಪ್ಪಾ, ಇಟ್ಸ್ ಜಸ್ಟ್ ಅ ಕಾಯಿನ್. ಮಾಧವ್ ವೋಂಟ್ ಕೇರ್," ಅಂದಳು.

"ಮಾಧವಗ ಕೇರ್ ಇಲ್ಲವ್ವ, ಮಾಧವನ ಅಪ್ಪಗ ಐತಿ! ನಾ ಹೆಂಗ ಮಾರಿ ತೋರಸ್ಲಿ?"

ಆ ಅಪ್ಪನಿಗೆ ಆ ಗಳಿಗೆಯಲ್ಲೇ ನೆನಪಾಗಬೇಕೇ? ಫೋನು ರಿಂಗಾಯಿತು. ಸ್ಪೀಕರಿನಲ್ಲಿ ಡಾಕ್ಟರ ದನಿ. "ಪರಪ್ಪನವ್ರೇ, ಈ ಭಾನುವಾರ ಎಲ್ರೂ ಊಟಕ್ಕೆ ಬನ್ನಿ. ನನ್ನ ಹಳೇ ಫ್ರೆಂಡ್ ಗಿಲ್ಬರ್ಟ್ ಬರ್ತಾನೆ. ನಾಣ್ಯಗಳ ಹುಚ್ಚು ಅವನಿಗೆ. ಶಬ್ದ ಕೇಳಿ ಬೆಳ್ಳಿ ಹೇಳೋರು ಇದಾರೆ ಅಂದ್ರೆ ನಂಬ್ತಾನೇ ಇಲ್ಲ. ಆ ಡಾಲರೂ ತನ್ನಿ, ನಿಮ್ಮ ಕಿವೀನೂ ತನ್ನಿ!"

"ಎರಡೂ ತರ್ತೀನ್ರಿ," ಅಂದ ಕಾಕಾ, ಸತ್ತವನ ದನಿಯಲ್ಲಿ.

ಫೋನ್ ಇಟ್ಟ ಮೇಲೆ ನಾನು ಮೆಲ್ಲಗೆ, "ಕಾಕಾ, ಇದು ಮೊದಲಿನಿಂದನೂ ಬೆಳ್ಳಿ ಇರಲಿಕ್ಕಿಲ್ಲ. ಬರೇ ತಿಕ್ಕಿದ್ರ ಬೆಳ್ಳಿ ಹೋಗೂದಿಲ್ಲ," ಅಂದೆ.

ಕಾಕಾ ನನ್ನನ್ನು ದುರುಗುಟ್ಟಿ ನೋಡಿದ. "ಹಂಗಂದ್ರ? ಡಾಕ್ಟ್ರು ನಿಶ್ಚಯದ ತಟ್ಟ್ಯಾಗ ಖೋಟಾ ಇಟ್ಟಾರ ಅಂತೀ? ನನ್ನ ಕಿವಿ ಸುಳ್ಳು ಹೇಳೇತಿ ಅಂತೀ?"

ಕಾಕಾನ ನ್ಯಾಯಾಲಯದಲ್ಲಿ ಒಟ್ಟು ಮೂರು ಜನ ಆರೋಪಿಗಳು: ಬೀಗರ ಮಾತು, ಕಾಕಾನ ಕಿವಿ, ಕಾಕುವಿನ ಕೈ. ಬೀಗರ ಮಾತನ್ನು ಅನುಮಾನಿಸಿದರೆ ಮಗಳ ಮದುವೆ ಕೆಡುತ್ತದೆ. ಕಿವಿಯನ್ನು ಅನುಮಾನಿಸಿದರೆ ಇಡೀ ಸಭೆಯ ಮುಂದೆ ಮುತ್ಯಾನ ಸಮೇತ ಮರ್ಯಾದೆ ಹೋಗುತ್ತದೆ. ಉಳಿದದ್ದು ಮೂವತ್ತು ವರ್ಷದಿಂದ ಅವನಿಗೆ ಅಡುಗೆ ಮಾಡಿ ಹಾಕಿದ ಕೈ. ಶಿಕ್ಷೆ ಅದಕ್ಕೇ ಆಯಿತು. ನನಗೆ ಮೈ ಉರಿಯಿತು, ಆದರೆ ಗಂಡ ಹೆಂಡಿರ ನಡುವೆ ಡ್ರೈವರ್ ಏನು ಹೇಳುವುದು?

ಕಾಕು ದೇವರ ಮನೆಯಂತಿರುವ ಕಪಾಟಿನಿಂದ ಒಂದು ಸಣ್ಣ ಕುಂಕುಮದ ಭರಣಿ ತಂದು ಕಾಕಾನ ಮುಂದೆ ಇಟ್ಟಳು. ಅವಳ ಅವ್ವ ಮದುವೆಯಲ್ಲಿ ಕೊಟ್ಟ ಬೆಳ್ಳಿಯ ಭರಣಿ. ಒಳಗಿನ ಕುಂಕುಮವನ್ನು ಬೇರೆ ಬಟ್ಟಲಿಗೆ ಸುರಿದಿದ್ದಳು.

"ಇದನ್ನ ಕರಗಿಸಿ ಅದಕ್ಕ ಹಚ್ಚಿಸಿಕೊಂಡು ಬರ್ರಿ," ಅಂದಳು. "ನನ್ನ ಸಲುವಾಗಿ ಕೂಸಿನ ಲಗ್ನಕ್ಕ ಕಂಟಕ ಬರೂದು ಬ್ಯಾಡ." ಅಷ್ಟು ಹೇಳಿ ಮುಖ ತಿರುಗಿಸಿ ಒಳಗೆ ಹೋದಳು. ಕಾಕಾ ಭರಣಿಯನ್ನು ಕೋಟಿನ ಕಿಸೆಗೆ ಹಾಕಿಕೊಂಡ. ಅದನ್ನು ವಾಪಸ್ ಇಡಬೇಕು ಅಂತ ಆ ಮನುಷ್ಯನಿಗೆ ಹೊಳೆಯಲೇ ಇಲ್ಲ ನೋಡಿ.

ಮೊದಲು ವೆಂಬ್ಲಿಯ ಒಂದು ಆಭರಣದ ಅಂಗಡಿಗೆ ಹೋದೆವು. ಅಂಗಡಿಯ ಗುಜರಾತಿ ಮುದುಕ ಡಾಲರನ್ನು ಒಂದು ಸಲ ತಿರುಗಿಸಿ ನೋಡಿ, "ಇಸಮೇಂ ಚಾಂದಿ ನಹೀ ಹೈ," ಅಂದ.

"ಬೆಳ್ಳಿ ಇಲ್ಲಂತ ನೋಡು," ಕಾಕಾ ನನ್ನ ಪಕ್ಕೆಗೆ ತಿವಿದ. "ಒಂದು ಚೂರೂ ಉಳಿಸಿಲ್ಲ ಆಕಿ."

ಬೆಳ್ಳಿ ನೀರು ಕುಡಿಸಿಕೊಡು ಎಂದು ಕಾಕಾ ಕೇಳಿದ. ಸರಕಾರದ ನಾಣ್ಯಕ್ಕೆ ಬೆಳ್ಳಿ ಬಳಿದು ಬೆಳ್ಳಿ ಎಂದು ತೋರಿಸುವುದಕ್ಕೆ ಏನನ್ನುತ್ತಾರೆ ಗೊತ್ತಾ ಎಂದು ಮುದುಕ ಕೇಳಿದ. ಕಾಕಾನಿಗೆ ಗೊತ್ತಿರಲಿಲ್ಲ. ಮುದುಕ ಹೇಳಿದ. ಕಾಕಾ ಅಲ್ಲಿಂದ ಹೊರಬಂದ ವೇಗದಲ್ಲಿ ಡ್ರೈವಿಂಗ್ ಟೆಸ್ಟಿನಲ್ಲಿ ಕಾರು ಓಡಿಸಿದ್ದರೆ ಯಾವತ್ತೋ ಪಾಸಾಗುತ್ತಿದ್ದ.

ಶನಿವಾರ, ಅಂಥದ್ದೇ ಬೆಳ್ಳಿಯ ಡಾಲರ್ ಹುಡುಕಿಕೊಂಡು, ಟ್ಯೂಬ್ ರೈಲು ಹಿಡಿದು ನಗರದ ನಡುವಿನ ಒಂದು ಗಲ್ಲಿಗೆ ಹೋದೆವು. ಅಲ್ಲಿ ಹಳೆಯ ನಾಣ್ಯಗಳ ಅಂಗಡಿ. ಬೆಲ್ ಒತ್ತಿದರೆ ಮಾತ್ರ ಬಾಗಿಲು ತೆಗೆಯುವಂಥದ್ದು. ಒಳಗಿದ್ದ ಉದ್ದ ಮೂಗಿನ ಇಂಗ್ಲಿಷಿನವನು ಡಾಲರನ್ನು ಮಖಮಲ್ಲಿನ ಮೇಲೆ ಇಟ್ಟ. ನೋಡಿದವನು ಕಣ್ಣಿಗೆ ಹಚ್ಚಿದ ಭೂತಗನ್ನಡಿಯನ್ನು ತೆಗೆದು, ಸತ್ತವರ ಮನೆಗೆ ಬಂದವನ ಹಾಗೆ ತಗ್ಗಿದ ದನಿಯಲ್ಲಿ ಕೇಳಿದ: "ಇದನ್ನು ಯಾರು ತೊಳೆದರು?"

ಕಾಕಾ ತಲೆ ತಗ್ಗಿಸಿ, "ಮೈ ವೈಫ್," ಅಂದ.

"ನಾಣ್ಯವನ್ನು ಎಂದಿಗೂ ತೊಳೆಯಬಾರದು ಸರ್. ಅದರ ಮೇಲಿನ ಮಬ್ಬೇ ಅದರ ವಯಸ್ಸು. ತಿಕ್ಕಿದರೆ ಸಂಗ್ರಹಕಾರರ ಪಾಲಿಗೆ ಅದು ಸತ್ತ ಹಾಗೆ. ಆದರೂ ನೀವು ಅಳಬೇಕಾಗಿಲ್ಲ, ಇದರಲ್ಲಿ ಸಾಯಲು ಜೀವವೇ ಇರಲಿಲ್ಲ." ಅವನು ಡಾಲರಿನ ದಂಡೆಯನ್ನು ನಮ್ಮ ಕಡೆ ತಿರುಗಿಸಿದ. ಒಳಗೆ ತಾಮ್ರ, ಎರಡೂ ಬದಿಗೆ ನಿಕ್ಕಲ್ ಬೆರೆತ ತಾಮ್ರದ ಹೊದಿಕೆ, ಕೆಂಪು ಗೆರೆ ಕಂಡರೆ ಇದೇ ಅರ್ಥ. ತಕ್ಕಡಿಗೆ ಹಾಕಿದ. ಬೆಳ್ಳಿಯದಾದರೆ ಇಪ್ಪತ್ತನಾಲ್ಕೂವರೆ ಗ್ರಾಮಿನ ಮೇಲೆ ತೂಗಬೇಕು, ಇದು ಇಪ್ಪತ್ಮೂರಕ್ಕೂ ಮುಟ್ಟಲಿಲ್ಲ. ಕೊನೆಗೆ ತನ್ನ ಪೆಟ್ಟಿಗೆಯಿಂದ ಅಂಥದ್ದೇ ಇನ್ನೊಂದು ಡಾಲರ್ ತೆಗೆದ. ಅದೇ ಬೋಳುತಲೆ, ಅದೇ ಗಂಟೆ, ಅದೇ ಚಂದ್ರ. ಮೈ ಸ್ವಲ್ಪ ಹೊಗೆ ಹಿಡಿದ ಹಾಗಿತ್ತು. ತಲೆಯ ಕೆಳಗೆ, ಇಸವಿಯ ಮೇಲೆ, ಇರುವೆಯಷ್ಟು ಸಣ್ಣ ಎಸ್ ಅಕ್ಷರ. ಅದು ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯ ಗುರುತಂತೆ. ಬೆಳ್ಳಿಯವೆಲ್ಲ ಅಲ್ಲಿಯವೇ, ಆದರೆ ಅಲ್ಲಿಯವೆಲ್ಲ ಬೆಳ್ಳಿಯಲ್ಲ, ಹಾಗಾಗಿ ತೂಗಿಯೇ ನೋಡಬೇಕು ಎಂದ. ತೂಗಿ ತೋರಿಸಿದ. ಸರಿಯಾಗಿತ್ತು. ಎರಡನ್ನೂ ಉಗುರಿನಿಂದ ಹೊಡೆದ. ನಮ್ಮದು ಟಪ್ ಅಂದಿತು. ಅವನದು ಟಿಂಗ್ ಅಂತ ಎಳೆದುಕೊಂಡು ಹೋಯಿತು.

ನಾನು ಕಾಕಾನ ಮುಖ ನೋಡಿದೆ. ಈಗಲಾದರೂ ತಿಳಿಯಿತೇ?

"ಕೇಳಿದಿ?" ಅಂದ ಕಾಕಾ ಕಣ್ಣಲ್ಲಿ ನೀರು ತಂದುಕೊಂಡು. "ನಿಶ್ಚಯದ ದಿನ ನಮ್ಮದೂ ಹಿಂಗ ಟಿಂಗ್ ಅಂದಿತ್ತು. ಪಾಪಿ ನೀಲಾ ಅದನ್ನ ತಿಕ್ಕಿ ತಿಕ್ಕಿ ಟಪ್ ಮಾಡ್ಯಾಳ."

ನಾನು ಕೈ ಚೆಲ್ಲಿದೆ.

ಬೆಳ್ಳಿಯ ಡಾಲರಿಗೆ ಅಂಗಡಿಯವನು ಹೇಳಿದ ಬೆಲೆ ನಾವು ಮನೆಮಂದಿ ಒಂದು ದಿನ ಹೊರಗೆ ಪಿಜ್ಜಾ ತಿಂದಷ್ಟು. ಕಾಕಾ ಗಾಬರಿಯಾದ. ಅವನು ಬ್ಯಾಂಕಿನಿಂದ ಸಾಲ ತೆಗೆಯುವ ಬಗ್ಗೆ ಟ್ಯೂಬಿನಲ್ಲಿ ಯೋಚಿಸಿಕೊಂಡು ಬಂದಿದ್ದ. "ಇಷ್ಟು ಸೋವಿ ಅಂದ್ರ ಇದ ಖೋಟಾ ಇರಬೇಕು. ಜಾಸ್ತಿ ಹೇಳಂತ ಹೇಳು." ಬದುಕಿನಲ್ಲಿ ಬದನೆಕಾಯಿಗೂ ಚೌಕಾಸಿ ಮಾಡುವ ಮನುಷ್ಯ ಅಲ್ಲಿ ನಿಂತು ಬೆಲೆ ಏರಿಸಲು ಜಗಳಕ್ಕಿಳಿದ. ಅಂಗಡಿಯವನು, ಹತ್ತಾರು ಲಕ್ಷ ಡಾಲರುಗಳನ್ನು ಬೆಳ್ಳಿಯಲ್ಲಿ ಟಂಕಿಸಿದ್ದಾರೆ, ಅಪರೂಪವೇನಲ್ಲ, ಬೆಳ್ಳಿಯ ಬೆಲೆಗೆ ಮೇಲಷ್ಟು ಚಿಲ್ಲರೆ ಎಂದು ವಿವರಿಸಿದ. ಕಡೆಗೆ ಕಾಕಾ ಮುಖ ಸಣ್ಣ ಮಾಡಿಕೊಂಡು ಅಗ್ಗಕ್ಕೇ ಕೊಂಡ.

ಭಾನುವಾರ. ಹಳೆಯ ಡಾಲರ್ ಮನೆಯಲ್ಲಿ, ಹೊಸ ಡಾಲರ್ ಡಾಕ್ಟರು ಕೊಟ್ಟ ಡಬ್ಬಿಯಲ್ಲಿ, ಕಾಕುವಿನ ಭರಣಿ ಇನ್ನೂ ಕಾಕಾನ ಕಿಸೆಯಲ್ಲಿ. ಕಾರಿನಲ್ಲಿ ಕಾಕಾ ಅವಳಿಗೆ ತಾಕೀತು ಮಾಡುತ್ತಲೇ ಇದ್ದ. "ನೀ ಬಾಯಿ ಬಿಡಬ್ಯಾಡ. ತಿಕ್ಕಿದ ಸುದ್ದಿ ಅಂತೂ ತಗೀಲೇಬ್ಯಾಡ. ಕಂಡುಹಿಡದ್ರು ಅಂದ್ರ ಮುಗೀತು, ಲಗ್ನ ಮುರೀತು ಅಂತ ತಿಳ್ಕೊ." ಕಾಕು ಹಿಂದಿನ ಸೀಟಿನಲ್ಲಿ ಹೋಳಿಗೆಯ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಅಂಕಿತಾ ಅವಳ ಕೈ ಹಿಡಿದುಕೊಂಡಿದ್ದಳು.

ಗಿಲ್ಬರ್ಟ್ ನಿವೃತ್ತ ಅರಿವಳಿಕೆ ಡಾಕ್ಟರು. ನೌಕರಿಯಲ್ಲಿ ಜನರನ್ನು ಮಲಗಿಸಿದ ಅಭ್ಯಾಸ ಮಾತಿನಲ್ಲೂ ಉಳಿದಿತ್ತು. ಡಾಲರುಗಳ ಬಗ್ಗೆ ಅವರು ಹೇಳುತ್ತ ಹೋದ ಹಾಗೆ ಮಾಧವನೇ ಆಕಳಿಸಿದ. ಡಾಕ್ಟರ್ ಮುಕುಂದ ಮಾತ್ರ ಕುರ್ಚಿಯ ತುದಿಯಲ್ಲಿ ಕೂತಿದ್ದರು.

"ಗಿಲ್ಬರ್ಟ್, ನೀನು ಮಾತಾಡಿದ್ದು ಸಾಕು. ಪರಪ್ಪನವ್ರೇ, ತೋರ್ಸಿ ಇವನಿಗೆ!"

ಕಾಕಾನ ಹಣೆಯ ಬೆವರು ಮೂಗಿನ ತುದಿಗೆ ಬಂದು ನಿಂತಿತ್ತು. ಡಾಲರನ್ನು ಬೆರಳಿನ ಮೇಲಿಟ್ಟ. ಬೆವರಿಗೆ ಜಾರಿ ಉಗುರು ಗುರಿ ತಪ್ಪಿತು, ನಾಣ್ಯಕ್ಕೆ ತಾಗಲೇ ಇಲ್ಲ. ಅದೇ ಕ್ಷಣಕ್ಕೆ ಅಡುಗೆಮನೆಯಲ್ಲಿ ಕಲ್ಯಾಣಮ್ಮನ ಮೈಕ್ರೋವೇವ್ 'ಟಿಂಗ್' ಅಂದಿತು.

"ಬೆಳ್ಳಿ!" ಅಂದ ಕಾಕಾ.

"ಕೇಳಿಸ್ತಾ?" ಡಾಕ್ಟರು ಎದ್ದು ನಿಂತರು. "ಎಂಥ ನಾದ! ಗಿಲ್ಬರ್ಟ್, ಕೇಳಿಸ್ತಾ?"

"ನನಗೆ ಊಟ ಬಿಸಿಯಾದದ್ದು ಕೇಳಿಸಿತು," ಅಂದರು ಗಿಲ್ಬರ್ಟ್. ಕೋಟಿನ ಜೇಬಿನಿಂದ ಅಂಗೈಯಷ್ಟು ಉದ್ದದ ತಕ್ಕಡಿ ತೆಗೆದರು. ಡಾಲರನ್ನು ಅಂಚಿನಲ್ಲೇ ಹಿಡಿದು ಅದರ ಮೇಲಿಟ್ಟರು. ಅಷ್ಟರಲ್ಲಿ ಕಲ್ಯಾಣಮ್ಮ ಹೋಳಿಗೆಯ ತಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದು ಅಲ್ಲೇ ನಿಂತರು. ಅವರ ಮುಖ ಬಿಳಿಚಿಕೊಂಡಿತ್ತು. ಮದುವೆ ಕೆಡುವ ಹೆದರಿಕೆ ನಮಗೆ, ಇವರಿಗೇನಾಯಿತು ಅಂದುಕೊಂಡೆ.

"ಇಪ್ಪತ್ತನಾಲ್ಕು ಪಾಯಿಂಟ್ ಆರು. ಎಸ್ ಅಕ್ಷರ ಇದೆ. ದಂಡೆ ಬಿಳಿ." ಗಿಲ್ಬರ್ಟ್ ಮೊದಲ ಸಲ ಪೂರ್ತಿ ಕಣ್ಣು ತೆರೆದರು. "ಮುಕುಂದ್, ಇದು ನಿಜವಾಗಿ ಬೆಳ್ಳಿಯ ಡಾಲರ್. ಬಹಳ ಬೆಲೆಯದ್ದಲ್ಲ, ಆದರೆ ಒಳ್ಳೆಯದು. ದೇವರ ದಯೆ, ಯಾರೂ ತಿಕ್ಕಿಲ್ಲ."

ಬಾಗಿಲಲ್ಲಿ ತಟ್ಟೆ ಠಣ್ ಎಂದು ಬಿತ್ತು. ಹೋಳಿಗೆ ಕಾರ್ಪೆಟ್ಟಿನ ಪಾಲಾಯಿತು.

ಡಾಕ್ಟರಿಗೆ ಅದರ ಪರಿವೆಯೇ ಇಲ್ಲ. ಕನ್ನಡಕ ತೆಗೆದು ಒರಸಿಕೊಂಡರು. "ನಮ್ತಂದೇನ ಎಲ್ರೂ ಆಡ್ಕೋತಿದ್ರು," ಅಂದರು ಮೆಲ್ಲಗೆ. "ಅಮೆರಿಕದವ್ರು ಮೇಷ್ಟ್ರಿಗೆ ಟೋಪಿ ಹಾಕಿ ಕಳ್ಸಿದಾರೆ, ಅದು ಬೆಳ್ಳಿ ಅಲ್ಲ ಅಂತ. ಅವ್ರು ಸಾಯೋವರ್ಗೂ ಅದನ್ನ ತೂಗಿಸ್ಲೇ ಇಲ್ಲ. ಹೆದ್ರಿಕೊಂಡಿದ್ರೋ ಏನೋ. ಇವತ್ತು ನೋಡಿ." ಆ ಮಾತು ಕೇಳಿ ಕಾಕಾನ ಸುಳ್ಳಿನ ಬಗ್ಗೆ ನನಗಿದ್ದ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಕಾಕುವಿನ ಲೆಕ್ಕದ್ದು, ಅದು ಇಳಿಯಲಿಲ್ಲ.

ಕಲ್ಯಾಣಮ್ಮ, "ಬೀಗ್ರೇ, ಸ್ವಲ್ಪ ಒಳಗೆ ಬರ್ತೀರಾ?" ಅಂತ ಕಾಕಾನನ್ನು ಅಡುಗೆಮನೆಗೆ ಕರೆದರು. ನಾನು ನೆಲದ ಮೇಲಿನ ಹೋಳಿಗೆ ಬಳಿದುಕೊಂಡು ಹಿಂದೆ ಹೋದೆ. ಕಾಕು ಅಲ್ಲೇ ಸಿಂಕಿನ ಮುಂದೆ ನಮಗೆ ಬೆನ್ನು ಮಾಡಿ ಪಾತ್ರೆ ತೊಳೆಯುತ್ತಿದ್ದಳು. ನಲ್ಲಿಯ ಸದ್ದು ಜೋರಾಗಿತ್ತು.

ಕಲ್ಯಾಣಮ್ಮ ಬಾಗಿಲು ಮುಂದೆ ಮಾಡಿ ಕೈಮುಗಿದುಬಿಟ್ಟರು. "ನೀವು ದೊಡ್ಡವ್ರು ಬೀಗ್ರೇ. ನನ್ನ ಮಾನ ಉಳಿಸಿದ್ರಿ. ಮಾವನವ್ರ ಡಾಲರ್ ಯಾವತ್ತೋ ಹೋಯ್ತು. ಸತ್ಯನಾರಾಯಣ ಪೂಜೇಲಿ ಕಲಶಕ್ಕೆ ಹಾಕಿದ್ದೆ. ಪೂಜೆ ಆದ್ಮೇಲೆ ಕಲಶ, ಅಕ್ಕಿ, ಕಾಯಿ ಎಲ್ಲ ಪುರೋಹಿತರಿಗೆ ಕೊಟ್ಬಿಟ್ಟೆ. ಡಾಲರ್ ಒಳಗೇ ಇತ್ತು! ಕೊಟ್ಟ ದಾನ ವಾಪಸ್ ಕೇಳೋದು ಹೇಗೆ? ಆನ್‌ಲೈನಲ್ಲಿ ಅಂಥದ್ದೇ ಒಂದು ತರಿಸಿ ಡಬ್ಬೀಲಿ ಇಟ್ಟೆ. ಬೆಳ್ಳಿ ಅಲ್ಲ ಅಂತ ನಂಗೊತ್ತಿತ್ತು. ಮನೇಲಿದ್ರೆ ಒಂದಲ್ಲ ಒಂದು ದಿನ ಇವ್ರು ತೂಗ್ತಾರೆ ಅಂತ್ಲೇ ನಿಮ್ಮ ತಟ್ಟೆಗೆ ಹಾಕಿಸ್ದೆ. ನೀವು ಅವತ್ತೇ ಶಬ್ದದಲ್ಲಿ ಕಂಡುಹಿಡಿದ್ರಿ, ಅಷ್ಟು ಜನದ ಮುಂದೆ ಬೆಳ್ಳಿ ಅಂದು ನನ್ನ ತಪ್ಪು ಮುಚ್ಚಿದ್ರಿ. ಈಗ ನಿಜವಾದ್ದೇ ಹುಡುಕಿ ತಂದಿದೀರ. ನೀಲವ್ವನವ್ರು ಕಳಿಸಿದ ಫೋಟೋದಲ್ಲಿ ಫಳಫಳ ಅಂತಿತ್ತು, ಇವತ್ತಿಂದು ಮಬ್ಬಾಗಿದೆ, ನೋಡಿದ ತಕ್ಷಣ ತಿಳೀತು ನಂಗೆ."

ಕಾಕಾನ ಬಾಯಿ ತೆರೆದೇ ಇತ್ತು. ಏಳು ದಿನದ ನರಕದಿಂದ ಅವನನ್ನು ಎತ್ತಿ ಒಮ್ಮೆಲೇ ಸಿಂಹಾಸನದ ಮೇಲೆ ಕೂರಿಸಿದ್ದರು. ಇಳಿದು ಬರುವವನೇ ಅವನು? ಸೂಟು ಸರಿಮಾಡಿಕೊಂಡ, ಗಂಟಲು ಸರಿಮಾಡಿಕೊಂಡ.

"ಇರ್ಲಿ ಬಿಡ್ರಿ ಬೀಗ್ತಿ. ಆವತ್ತ ಕಿವಿಗೆ ಹಿಡದಕೂಡ್ಲೆ ಗೊತ್ತಾತು ನನಗ. ಆದ್ರ ಹೆಣ್ಣುಮಕ್ಕಳ ಮಾನ ಅಂದಮ್ಯಾಲೆ ನಾವು ಗಂಡಸರು..."

ನಲ್ಲಿ ನಿಂತಿತು.

ಕಾಕು ತಿರುಗಲಿಲ್ಲ. ಕೈಯನ್ನು ಟವಲಿಗೆ ಒರಸಿಕೊಂಡಳು, ಒಂದೊಂದೇ ಬೆರಳು. ಕಾಕಾನ ವಾಕ್ಯದ ಉಳಿದ ಭಾಗ ಇವತ್ತಿನ ತನಕ ಹೊರಗೆ ಬಂದಿಲ್ಲ.

ಹೊರಡುವಾಗ ಡಾಕ್ಟರು ಡಾಲರನ್ನು ಎರಡೂ ಕೈಯಿಂದ ಕಾಕಾನಿಗೆ ಕೊಡಹೋದರು. ಕಾಕು ಮಧ್ಯೆ ಬಂದು, "ಬ್ಯಾಡ್ರಿ ಅಣ್ಣಾರ, ನಿಮ್ಮ ತಂದೀ ನೆನಪು ನಿಮ್ಮ ಹತ್ರನ ಇರ್ಲಿ," ಅಂದಳು. ಕಲ್ಯಾಣಮ್ಮ ಅವಳನ್ನು ತಬ್ಬಿಕೊಂಡರು. ಮದುವೆಯ ದಿನದ ಮಾತೂ ಅಲ್ಲೇ ಪಕ್ಕಾ ಆಯಿತು. ಅಂಕಿತಾ 'ಮಾಧವನ ಜೊತೆ ಬರ್ತೀನಿ' ಅಂತ ಅಲ್ಲೇ ಉಳಿದಳು. ಬುದ್ಧಿವಂತೆ. ಕಾರಿನಲ್ಲಿ ಕಿಂಗ್ಸ್‌ಬರಿ ಮುಟ್ಟುವವರೆಗೆ ಮಾತಾಡಿದ್ದು ದಾರಿ ತೋರಿಸುವ ಫೋನು ಒಂದೇ.

ನಾನು ನನ್ನ ಬಾಗಿಲ ಕಡೆ ತಿರುಗಿದ್ದೆ. "ಸೂರಜ, ನೀನೂ ಒಳಗ ಬಾಪಾ, ಚಾ ಕುಡದು ಹೋಗು," ಅಂದಳು ಕಾಕು. ಆ ದನಿಗೆ ಇಲ್ಲ ಅನ್ನುವ ಧೈರ್ಯ ನನಗಿರಲಿಲ್ಲ.

ಅಡುಗೆಮನೆಯಲ್ಲಿ ಅವಳು ಕಾಕಾನ ಮುಂದೆ ಕೈ ಚಾಚಿದಳು. "ನಮ್ಮವ್ವನ ಭರಣಿ."

ಕಾಕಾ ಕಿಸೆಯಿಂದ ತೆಗೆದು ಕೊಟ್ಟ. ಒಂದು ವಾರ ಅವನ ಬೆವರಿಗೆ ಸಿಕ್ಕು ಅದು ಕಪ್ಪಾಗಿತ್ತು. ಕಾಕು ಅದನ್ನು ತಿರುಗಿಸಿ ನೋಡಿ ಸಿಂಕಿನ ಪಕ್ಕದಲ್ಲಿ ಇಟ್ಟಳು. ಬಟ್ಟಲಲ್ಲಿ ಹುಣಸೆಹಣ್ಣು ನೆನೆಹಾಕಿ ಅದರ ಪಕ್ಕ ಇಟ್ಟಳು. ಉಪ್ಪು ಇಟ್ಟಳು, ವಿಭೂತಿ ಇಟ್ಟಳು.

"ತಿಕ್ರಿ," ಅಂದಳು.

"ನೀಲಾ..."

"ನಮ್ಮವ್ವ ಇದನ್ನ ಹಬ್ಬ ಹಬ್ಬಕ್ಕ ತಿಕ್ಯಾಳ. ನಾನೂ ಬಂದಾಗಿಂದ ತಿಕ್ಕೀನಿ. ಇದರಾಗಿನ ಬೆಳ್ಳಿ ಎಂದ ಹೋಗತೈತಿ, ತಾಮ್ರ ಎಂದ ಬರತೈತಿ ನಾನೂ ನೋಡ್ತೀನಿ. ತಿಕ್ರಿ."

ಕಾಕಾ ಕೋಟು ಬಿಚ್ಚಿದ. ತೋಳು ಮಡಿಸಿದ. ತಿಕ್ಕಲು ಶುರುಮಾಡಿದ. ಕಾಕು ಒಲೆ ಹಚ್ಚಿ ಪಾತೇಲಿಯಲ್ಲಿ ನೀರಿಟ್ಟಳು. ಅಳತೆ ಮಾಡಿ ಎರಡೇ ಕಪ್ಪು. ಒಂದು ಅವಳಿಗೆ, ಒಂದು ನನಗೆ. ನಾನು ಕುರ್ಚಿಯಲ್ಲಿ ಕೂತು ಛಾವಣಿ ನೋಡಿದೆ. ತಿಕ್ಕುವ ಸದ್ದು ಬಿಟ್ಟರೆ ಬೇರೇನಿಲ್ಲ. ಭರಣಿ ಹುಣ್ಣಿಮೆಯ ಹಾಗೆ ಬೆಳಗತೊಡಗಿತು. ತಾಮ್ರ ಬರಲಿಲ್ಲ.

"ಬರವಲ್ದು ನೀಲಾ," ಅಂದ ಕಾಕಾ ಸಣ್ಣ ದನಿಯಲ್ಲಿ.

"ಇನ್ನಷ್ಟು ತಿಕ್ರಿ. ಹೆಚ್ಚು ತಿಕ್ಕಿದ್ರ ಬರತೈತಂತ, ನೀವ ಹೇಳಿದ್ರಿ."

ಚಹಾದ ಪುಡಿ ಬಿತ್ತು. ಶುಂಠಿ ಜಜ್ಜುವ ಸದ್ದು ಬಂತು. ಕಾಕಾ ತಿಕ್ಕುವುದನ್ನು ನಿಲ್ಲಿಸಿ ಭರಣಿಯನ್ನು ನೀರಿನಲ್ಲಿ ತೊಳೆದ. ತನ್ನ ಒಳ್ಳೆಯ ಅಂಗಿಯ ಚುಂಗಿನಿಂದಲೇ ಒರಸಿದ. ಕಪಾಟಿನ ಬಟ್ಟಲಲ್ಲಿದ್ದ ಕುಂಕುಮವನ್ನು ತಂದು, ಒಂದಿಷ್ಟೂ ಚೆಲ್ಲದಂತೆ ಅದಕ್ಕೆ ತುಂಬಿ, ಮುಚ್ಚಳ ಹಾಕಿ, ಅವಳ ಪಕ್ಕದಲ್ಲಿ ಇಟ್ಟ.

"ನನಗ ಆವತ್ತ ಏನೂ ಕೇಳಿಸಿರಲಿಲ್ಲ ನೀಲಾ," ಅಂದ. "ಬಲೂನ್ ಸಪ್ಪಳ ಅಷ್ಟ ಕೇಳಿಸಿತ್ತು. ತಪ್ಪಾತು."

ಕಾಕು ಅವನ ಕಡೆ ನೋಡಲಿಲ್ಲ. ಭರಣಿ ಎತ್ತಿಕೊಂಡು ಹೋಗಿ ದೇವರ ಮುಂದೆ ಇಟ್ಟು ಬಂದಳು. ಆಮೇಲೆ ನಲ್ಲಿ ತಿರುವಿ, ಪಾತೇಲಿಗೆ ಇನ್ನೊಂದು ಕಪ್ಪು ನೀರು ಹಾಕಿದಳು.